ನಕಲಿ ಆಂಟಿವೈರಸ್ ತೆಗೆಯುವಾಗ ನಾನು ಅನುಸರಿಸಿದ ಕ್ರಮ

ವಿಂಡೋಸ್ ಎಕ್ಸ್‌ಪಿ ಎಲ್ಲೆಡೆ ಬಳಕೆಯಲ್ಲಿದ್ದ ಕಾಲದಲ್ಲಿ, ಕಂಪ್ಯೂಟರ್ ದುರಸ್ತಿ ಮಾಡುತ್ತಿದ್ದ ನನ್ನ ಬಳಿಗೆ ‘ಎಕ್ಸ್‌ಪಿ ಆಂಟಿವೈರಸ್’, ‘ಆಂಟಿವೈರಸ್ 2009’ ಮುಂತಾದ, ಇಲ್ಲದ ವೈರಸ್ ಇದೆಯೆಂದು ಹೆದರಿಸಿ ಹಣ ಕೀಳುವ ನಕಲಿ ತಂತ್ರಾಂಶಗಳು ಹೊಕ್ಕ ಯಂತ್ರಗಳು ಮೇಲಿಂದ ಮೇಲೆ ಬರುತ್ತಿದ್ದವು. ‘ಸ್ಕ್ಯಾನ್’, ‘ಸೆಕ್ಯೂರಿಟಿ’, ‘ಪ್ರೊಟೆಕ್ಟ್’ ಎಂಬಂಥ ನಂಬಿಕೆ ಹುಟ್ಟಿಸುವ ಪದಗಳನ್ನು ಜೋಡಿಸಿ ನೋಂದಾಯಿಸಿದ ಡೊಮೇನುಗಳಲ್ಲಿ (ಜಾಲತಾಣದ ಹೆಸರುಗಳಲ್ಲಿ) ಇವುಗಳ ಪುಟಗಳಿರುತ್ತಿದ್ದವು. ಪುಟ ತೆರೆದೊಡನೆ ‘ಮೈ ಕಂಪ್ಯೂಟರ್’ ಕಿಟಕಿಯನ್ನೇ ಹೋಲುವ ಚಿತ್ರ ಮೂಡಿ, ಸಿ ಡ್ರೈವಿನಲ್ಲಿ ವೈರಸ್ ಇದೆಯೆಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಅಂಥ ಪುಟವನ್ನು ನಾನು ವಿಂಡೋಸ್ ಅಲ್ಲದ ಲಿನಕ್ಸ್ ಯಂತ್ರದಲ್ಲಿ ತೆರೆದಾಗ, ಸಿ ಡ್ರೈವೇ ಇಲ್ಲದ ಅಲ್ಲಿಯೂ ಅದೇ ಸೋಂಕಿನ ಪಟ್ಟಿ ಬಂತು. ಗಾಬರಿಗೊಂಡು ಬಂದವರಿಗೆ ಇದನ್ನೇ ತೋರಿಸುತ್ತಿದ್ದೆ. ಯಾವ ವಿವರಣೆಗಿಂತಲೂ ಇದು ಬೇಗ ಮನವರಿಕೆಯಾಗುತ್ತಿತ್ತು.

ಜಾಲತಾಣದ ವಿಳಾಸದಲ್ಲಿ ಮೊದಲ ಒಂಟಿ ‘/’ ಗುರುತಿಗೆ ಮುಂಚಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕೆಂದು ಪ್ರತಿಯೊಬ್ಬರಿಗೂ ಹೇಳಿಕೊಡುತ್ತಿದ್ದೆ. ‘ಡಾಟ್ ಕಾಮ್’ಗೆ ತಾಗಿ ಎಡಕ್ಕಿರುವ ಹೆಸರೇ ಒಡೆಯನದು, ಅದಕ್ಕೂ ಎಡಕ್ಕೆ ‘ಮೈಕ್ರೋಸಾಫ್ಟ್’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು.

ಶುದ್ಧಿಗೊಳಿಸುವಾಗ ಮೊದಲು ನೆಟ್‌ವರ್ಕ್ ಕೇಬಲ್ ಕಳಚಿ, ಯಂತ್ರವನ್ನು ಸೇಫ್ ಮೋಡಿನಲ್ಲಿ, ಅಂದರೆ ತೀರ ಅಗತ್ಯವಾದ ತಂತ್ರಾಂಶಗಳಷ್ಟೇ ಓಡುವ ಸ್ಥಿತಿಯಲ್ಲಿ, ಆರಂಭಿಸುತ್ತಿದ್ದೆ. ವಿಂಡೋಸಿನ ಸೆಟ್ಟಿಂಗುಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ, ಲಾಗಿನ್ ಆದೊಡನೆ ತಾವಾಗಿ ಓಡುವ ತಂತ್ರಾಂಶಗಳ ಪಟ್ಟಿಯಿರುವ ‘ರನ್’ ಕೀಲಿಯಲ್ಲಿ, ಅರ್ಥವಿಲ್ಲದ ಅಕ್ಷರಗಳ ಹೆಸರು ಹೊತ್ತು ‘ಅಪ್ಲಿಕೇಶನ್ ಡೇಟಾ’ ಫೋಲ್ಡರಿನಿಂದ ಓಡುವ ಕಡತವಿದ್ದರೆ ಅದನ್ನು ತೆಗೆಯುತ್ತಿದ್ದೆ. ಮಾಲ್ವೇರ್‌ಬೈಟ್ಸ್‌ನಂಥ ಅಸಲಿ ಸ್ಕ್ಯಾನರನ್ನು ತೆರೆಯಲು ಆ ಕಳ್ಳ ತಂತ್ರಾಂಶ ಬಿಡದಿದ್ದಾಗ, ಮಾಲ್ವೇರ್‌ಬೈಟ್ಸ್‌ನ ಕಡತಕ್ಕೆ ಬೇರೆ ಹೆಸರಿಟ್ಟು ಓಡಿಸಿದರೆ ಬಹಳ ಸಲ ಕೆಲಸವಾಗುತ್ತಿತ್ತು. ಕೊನೆಗೆ ಜಾಲತಾಣದ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳಬಲ್ಲ ಹೋಸ್ಟ್ಸ್ ಕಡತವನ್ನೂ, ಬ್ರೌಸರ್ ಯಾವ ಮಧ್ಯವರ್ತಿ ಸರ್ವರಿನ ಮೂಲಕ ಸಾಗಬೇಕೆಂಬ ಪ್ರಾಕ್ಸಿ ಸೆಟ್ಟಿಂಗನ್ನೂ ಪರಿಶೀಲಿಸದೆ ಯಂತ್ರವನ್ನು ಹಿಂದಿರುಗಿಸುತ್ತಿರಲಿಲ್ಲ. ಇವೆರಡು ಕೆಟ್ಟಿದ್ದರೆ ಸ್ವಚ್ಛವಾದ ಯಂತ್ರವೂ ಮತ್ತೆ ಆ ಪುಟಕ್ಕೇ ಹೋಗಬಹುದಿತ್ತು.

ಡೊಮೇನುಗಳನ್ನು ಒಂದೊಂದಾಗಿ ತಡೆಯುವ ಪಟ್ಟಿಯನ್ನು ನಾನು ನೆಚ್ಚಲಿಲ್ಲ, ಏಕೆಂದರೆ ಇಂದಿನ ಹೆಸರು ನಾಳೆ ಇರುತ್ತಿರಲಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಸಂಸ್ಥೆಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಎಂಬ ಬೇರೆಬೇರೆ ಹೆಸರಿನ ತಂತ್ರಾಂಶಗಳೆಲ್ಲವೂ ಒಂದೇ ಗುಂಪಿನ ಸರಕೆಂದು ಆರೋಪಿಸಿತ್ತು. ಹೆಸರಾಂತ ಜಾಲತಾಣಗಳ ಜಾಹೀರಾತುಗಳ ಮೂಲಕವೂ ಜನರನ್ನು ಸೆಳೆಯಲಾಗಿತ್ತೆಂಬುದು ಅದರಲ್ಲಿತ್ತು. ಆದ್ದರಿಂದ ‘ಒಳ್ಳೆಯ ಸೈಟಿಗೇ ಹೋಗಿದ್ದೆ’ ಎಂದವರ ಮಾತನ್ನು ನಾನು ಅನುಮಾನಿಸಲಿಲ್ಲ. ಅವರಲ್ಲಿ ಯಾರಾದರೂ ಕಾರ್ಡಿನಿಂದ ಹಣ ಕಟ್ಟಿದ್ದರೆ, ಯಂತ್ರಕ್ಕೆ ಕೈಹಚ್ಚುವ ಮೊದಲೇ ಬ್ಯಾಂಕಿಗೆ ಕರೆ ಮಾಡಿಸಿ ಕಾರ್ಡನ್ನು ನಿಲ್ಲಿಸುತ್ತಿದ್ದೆ.