ಓಡುತ್ತಿರುವ ಎಂಜಿನ್‌ಗೆ ಮತ್ತೆ ಸೆಲ್ಫ್ ಹೊಡೆದುಬಿಟ್ಟರೆ ಏನು ಮಾಡಬೇಕು?

ಈಗಿನ ಪೆಟ್ರೋಲ್ ಕಾರುಗಳ ಎಂಜಿನ್ ಎಷ್ಟು ಮೆತ್ತಗೆ ಓಡುತ್ತದೆಂದರೆ, ಕಿಟಕಿ ಏರಿಸಿ ಹಾಡು ಹಾಕಿಕೊಂಡಿದ್ದರೆ ಅದು ಓಡುತ್ತಿದೆಯೋ ನಿಂತಿದೆಯೋ ಕಿವಿಗೆ ತಿಳಿಯುವುದೇ ಇಲ್ಲ. ಸಿಗ್ನಲ್‌ನಲ್ಲಿ ಹಸಿರು ದೀಪ ಬಂದಿದೆ, ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಾರು ಒಮ್ಮೆ ಜಗ್ಗಿದಂತಾಗಿದೆ. ಎಂಜಿನ್ ನಿಂತೇಹೋಯಿತು ಅಂದುಕೊಂಡು ಹೊಸ ಚಾಲಕರು ಕೀಲಿ ತಿರುಗಿಸುತ್ತಾರೆ. ಮಿಕ್ಸಿ ಜಾರಿಗೆ ಕಲ್ಲು ಬಿದ್ದಂತೆ ಬಾನೆಟ್ ಕೆಳಗಿನಿಂದ ‘ಕರ್ರ್’ ಎಂಬ ಸದ್ದು ಬರುತ್ತದೆ. ಕೈಕಾಲು ತಣ್ಣಗಾಗುತ್ತವೆ.

ಒಮ್ಮೆ, ಅರೆಕ್ಷಣ ಹೀಗಾದರೆ ಸಾಮಾನ್ಯವಾಗಿ ಕಾರಿಗೆ ಹೇಳಿಕೊಳ್ಳುವಂಥ ಹಾನಿ ಆಗುವುದಿಲ್ಲ. ಸದ್ದು ಕೇಳಿದ ಮೇಲೂ ಕೀಲಿಯನ್ನು ಹಿಡಿದೇ ಇದ್ದರೆ, ಅಥವಾ ಪದೇ ಪದೇ ಇದೇ ತಪ್ಪು ಮಾಡಿದರೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಮತ್ತು ಎಂಜಿನ್ನಿನ ಹಲ್ಲುಗಾಲಿಗಳ ಹಲ್ಲುಗಳು ಸವೆಯುತ್ತವೆ. ಆದ್ದರಿಂದ ಆ ಕ್ಷಣದಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ಅದನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು, ಅಷ್ಟೆ.

ಆ ಕ್ಷಣದಲ್ಲಿ

1. ಕೀಲಿಯಿಂದ ಕೈ ತೆಗೆಯಿರಿ. ‘ಸ್ಟಾರ್ಟ್’ ಸ್ಥಾನದಲ್ಲಿ ಸ್ಪ್ರಿಂಗ್ ಇರುತ್ತದೆ. ಕೈ ಬಿಟ್ಟರೆ ಕೀಲಿ ತಾನಾಗಿಯೇ ‘ಆನ್’ಗೆ ಮರಳುತ್ತದೆ.

2. ಕಾರು ಚಲಿಸುತ್ತಿದ್ದರೆ ಕೀಲಿಯನ್ನು ಹಿಂದಕ್ಕೆ ತಿರುಗಿಸಲೇಬೇಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸದ್ದಿಗೆ ಹೆದರಿ ಎಂಜಿನ್ ಆಫ್ ಮಾಡಿದರೆ ಪವರ್ ಸ್ಟೀರಿಂಗ್‌ನ ನೆರವು ತಪ್ಪುತ್ತದೆ. ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲ ತುಳಿಯುವಷ್ಟು ಶಕ್ತಿ ಮಾತ್ರ ಉಳಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಕೀಲಿ ಹೊರಗೆ ಬಂದರೆ ಸ್ಟೀರಿಂಗ್ ಬೀಗ ಬೀಳಬಹುದು. ಸವೆದ ಹಲ್ಲನ್ನು ಗ್ಯಾರೇಜಿನಲ್ಲಿ ಬದಲಿಸಬಹುದು; ಹತೋಟಿ ತಪ್ಪಿದ ಕಾರಿನಿಂದಾಗುವ ಅನಾಹುತವನ್ನು ಸರಿಪಡಿಸಲಾಗದು.

3. ಕೈ ಬಿಟ್ಟ ಮೇಲೆ ಸದ್ದು ನಿಂತಿತೇ, ಕೇಳಿಸಿಕೊಳ್ಳಿ. ನಿಂತಿದ್ದರೆ ನಿಮ್ಮ ಪಾಡಿಗೆ ಹೊರಡಿ.

4. ಸದ್ದು ಮುಂದುವರಿದರೆ ಸೆಲ್ಫ್ ಮೋಟಾರ್ ಸಿಕ್ಕಿಕೊಂಡಿದೆ ಎಂದರ್ಥ. ಇದು ಅಪರೂಪ, ಆದರೆ ತಡಮಾಡುವಂತಿಲ್ಲ. ಎಡಕ್ಕೆ ತಂದು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಕೀಲಿ ಆಫ್ ಮಾಡಿ. ಆಗಲೂ ಮೋಟಾರ್ ತಿರುಗುತ್ತಲೇ ಇದ್ದರೆ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಬೇಕು. ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಹತ್ತನೇ ನಂಬರಿನ ಸ್ಪ್ಯಾನರ್ ಸಾಕು. ಸುಟ್ಟ ವಾಸನೆ ಅಥವಾ ಹೊಗೆ ಬಂದಿದ್ದರೆ ಎಲ್ಲರನ್ನೂ ಕೆಳಗಿಳಿಸಿ ದೂರ ನಿಲ್ಲಿಸಿ.

ಒಳಗೆ ಆದದ್ದೇನು?

ಕೀಲಿಯನ್ನು ಕೊನೆಯವರೆಗೆ ತಿರುಗಿಸಿದಾಗ ಸೆಲ್ಫ್ ಮೋಟಾರಿನ ಮೇಲಿರುವ ಸೊಲೆನಾಯ್ಡ್‌ಗೆ, ಅಂದರೆ ವಿದ್ಯುತ್ಕಾಂತದ ಸ್ವಿಚ್ಚಿಗೆ ವಿದ್ಯುತ್ ಹರಿಯುತ್ತದೆ. ಅದು ಒಂದು ಪುಟ್ಟ ಹಲ್ಲುಗಾಲಿಯನ್ನು, ಅಂದರೆ ಪಿನಿಯನ್ನನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಸುತ್ತಲಿರುವ ದೊಡ್ಡ ಹಲ್ಲಿನ ರಿಂಗ್‌ಗೆ ಕೂಡಿಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಪಿನಿಯನ್ ಇರುವ ಈ ಜೋಡಣೆಗೆ ಬೆಂಡಿಕ್ಸ್ ಎನ್ನುತ್ತಾರೆ. ನಿಂತ ಎಂಜಿನ್ನಿನಲ್ಲಿ ಹಲ್ಲಿಗೆ ಹಲ್ಲು ಸಲೀಸಾಗಿ ಕೂರುತ್ತದೆ, ಮೋಟಾರ್ ಎಂಜಿನ್ನನ್ನು ತಿರುಗಿಸುತ್ತದೆ. ಆದರೆ ಸುಮ್ಮನೆ ನಿಂತ ಕಾರಿನಲ್ಲೂ ಓಡುವ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಆ ವೇಗದ ಹಲ್ಲುಗಳ ನಡುವೆ ಪಿನಿಯನ್‌ಗೆ ಜಾಗ ಸಿಗದೆ ಎರಡರ ಅಂಚುಗಳೂ ಒಂದಕ್ಕೊಂದು ಉಜ್ಜುತ್ತವೆ. ನೀವು ಕೇಳಿದ್ದು ಆ ಸದ್ದನ್ನು.

ಒಂದು ವೇಳೆ ಪಿನಿಯನ್ ಒಳಗೆ ಸೇರಿಯೇಬಿಟ್ಟರೆ? ರಿಂಗ್ ದೊಡ್ಡದು, ಪಿನಿಯನ್ ಚಿಕ್ಕದು. ರಿಂಗ್ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಹತ್ತಕ್ಕೂ ಹೆಚ್ಚು ಸುತ್ತು ಬರಬೇಕು. 800 ಸುತ್ತಿನ ಎಂಜಿನ್ ಅದನ್ನು 8,000ಕ್ಕೂ ಹೆಚ್ಚು ಸುತ್ತಿನ ವೇಗಕ್ಕೆ ಎಳೆಯುತ್ತದೆ. ಈ ವೇಗ ಮೋಟಾರಿಗೆ ತಗುಲದಂತೆ ಪಿನಿಯನ್ ಹಿಂದೆ ಒಂದೇ ದಿಕ್ಕಿನಲ್ಲಿ ಬಲ ದಾಟಿಸುವ ಕ್ಲಚ್ ಇಟ್ಟಿರುತ್ತಾರೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆದ ಮೇಲೂ ನಾವು ಕ್ಷಣಕಾಲ ಕೀಲಿ ಹಿಡಿದೇ ಇರುತ್ತೇವಲ್ಲ, ಆಗೆಲ್ಲ ಮೋಟಾರನ್ನು ಕಾಪಾಡುವುದು ಈ ಕ್ಲಚ್ಚೇ. ಇಷ್ಟು ಚಿಕ್ಕ ಭಾಗದೊಳಗೆ ಇಷ್ಟು ಮುಂದಾಲೋಚನೆ ಇರುವುದು ನನಗೆ ನಿಜಕ್ಕೂ ಮೆಚ್ಚುಗೆಯ ಸಂಗತಿ. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಕೊಡುವ ಮೊದಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು.

ಮುಂದಿನ ಸಲ ಸ್ಟಾರ್ಟ್ ಮಾಡುವಾಗ

ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಗಮನವಿಟ್ಟು ಕೇಳಿ. ಸದ್ದು ಎಂದಿನಂತಿದ್ದರೆ ಪ್ರಕರಣ ಮುಗಿಯಿತು, ಗ್ಯಾರೇಜಿಗೆ ಹೋಗುವ ಅಗತ್ಯವಿಲ್ಲ. ‘ಸುಂಯ್’ ಎಂದು ಮೋಟಾರ್ ಮಾತ್ರ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ ಜಾರುತ್ತಿರಬಹುದು. ಪ್ರತಿ ಸಲವೂ ‘ಕರ್ರ್’ ಎಂದರೆ ಹಲ್ಲು ಸವೆದಿರಬಹುದು. ಬರೀ ‘ಟಿಕ್ ಟಿಕ್’ ಎಂದರೆ ಮೊದಲು ಬ್ಯಾಟರಿಯನ್ನು ನೋಡಿಸಿ. ಯಾವುದೇ ಆದರೂ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟಾರ್ ಬಿಸಿಯಾಗುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ ಆದದ್ದನ್ನು ಆದಂತೆ ಹೇಳಿ, ಸಂಕೋಚ ಬೇಡ. ಆಟೊ ಎಲೆಕ್ಟ್ರಿಷಿಯನ್ ಬಳಿ ಎರಡು ಪ್ರಶ್ನೆ ಕೇಳಿ: ಸವೆದಿರುವುದು ಪಿನಿಯನ್ನೋ, ಫ್ಲೈವೀಲ್ ರಿಂಗೋ? ಬೆಂಡಿಕ್ಸ್ ಮಾತ್ರ ಬದಲಿಸಿದರೆ ಸಾಲದೇ? ಸೆಲ್ಫ್ ಮೋಟಾರನ್ನು ಬಿಚ್ಚಿದರೆ ಪಿನಿಯನ್ ಕಣ್ಣಿಗೇ ಕಾಣುತ್ತದೆ. ನಿಮಗೂ ತೋರಿಸಲು ಹೇಳಿ. ರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಕೂಲಿ ಬಹಳ ಹೆಚ್ಚು. ಒಂದೇ ಒಂದು ಸಲ ‘ಕರ್ರ್’ ಎಂದದ್ದಕ್ಕೆ ಯಾರಾದರೂ ಇಡೀ ಮೋಟಾರ್ ಬದಲಿಸಿ ಎಂದರೆ, ಹಳೆಯದನ್ನು ನೋಡದೆ ಒಪ್ಪಬೇಡಿ.

ಮತ್ತೆ ಹೀಗಾಗದಂತೆ

ಕಿವಿಯನ್ನು ನೆಚ್ಚಿಕೊಳ್ಳದೆ ಕಣ್ಣಿಗೆ ಕೆಲಸ ಕೊಡಿ. ಕೀಲಿ ಮುಟ್ಟುವ ಮುನ್ನ ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳನ್ನು ನೋಡಿ. ಅದು ಸೊನ್ನೆಯಲ್ಲಿದ್ದು ಬ್ಯಾಟರಿ ಮತ್ತು ಆಯಿಲ್‌ನ ಕೆಂಪು ದೀಪಗಳು ಉರಿಯುತ್ತಿದ್ದರೆ ಎಂಜಿನ್ ನಿಂತಿದೆ. ಮುಳ್ಳು ಮೇಲಿದ್ದು ದೀಪಗಳು ಆರಿದ್ದರೆ ಓಡುತ್ತಿದೆ. ಡ್ರೈವಿಂಗ್ ಕಲಿಸುವವರು ಮೊದಲ ದಿನವೇ ಇದನ್ನು ತೋರಿಸಿಕೊಡಬೇಕು. ಸದ್ದು ಬಂದ ಕೂಡಲೇ ಪಕ್ಕದ ಸೀಟಿನಿಂದ ಗದರಿದರೆ ಕಲಿಯುವವರ ಕೈ ಕೀಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ‘ಕೈ ತೆಗೆಯಿರಿ’ ಎಂದು ಮೆಲ್ಲಗೆ ಹೇಳಿದರೆ ಸಾಕು.

ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುವ ಎಂಜಿನ್ ಇರುವ ಕಾರುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಮುಳ್ಳು ಸೊನ್ನೆಗೆ ಬಂದರೂ ಕೀಲಿ ಮುಟ್ಟಬೇಕಿಲ್ಲ. ಗೇರ್ ಇರುವ ಕಾರಾದರೆ ಕ್ಲಚ್ ತುಳಿದಾಗ, ಆಟೊಮ್ಯಾಟಿಕ್ ಆದರೆ ಬ್ರೇಕ್ ಬಿಟ್ಟಾಗ ಎಂಜಿನ್ ತಾನೇ ಸ್ಟಾರ್ಟ್ ಆಗುತ್ತದೆ.

ಬಟನ್ ಇರುವ ಕಾರುಗಳಲ್ಲಿ ಈ ಸದ್ದಿನ ಭಯವಿಲ್ಲ. ನಿಂತ ಕಾರಿನಲ್ಲಿ ಬಟನ್ ಒತ್ತಿದರೆ ಎಂಜಿನ್ ಆಫ್ ಆಗುತ್ತದೆ, ಅಷ್ಟೆ. ಕೀಲಿಯ ಕಾರುಗಳಲ್ಲೂ ಹಲವಕ್ಕೆ ಬೀಗದೊಳಗೇ ತಡೆ ಇರುತ್ತದೆ: ಒಮ್ಮೆ ಸ್ಟಾರ್ಟ್ ಮಾಡಿದ ಮೇಲೆ ಪೂರ್ತಿ ಹಿಂದಕ್ಕೆ ತಂದ ಹೊರತು ಕೀಲಿ ಮತ್ತೆ ‘ಸ್ಟಾರ್ಟ್’ಗೆ ಹೋಗುವುದಿಲ್ಲ. ಹಾಗೆ ತಡೆದರೆ ಬಲ ಹಾಕಿ ತಿರುಗಿಸಬೇಡಿ. ಹಳೆಯ ಕಾರಾಗಿದ್ದು, ಕೈ ಬಿಟ್ಟಾಗ ಕೀಲಿ ಚುರುಕಾಗಿ ಹಿಂದಕ್ಕೆ ಬರದೆ ಅರ್ಧಕ್ಕೇ ನಿಲ್ಲುತ್ತಿದ್ದರೆ ಬೀಗದ ಸ್ಪ್ರಿಂಗ್ ಸೋತಿರಬಹುದು. ಕೀಲಿಗೊಂಚಲಿನ ಭಾರ ಇಳಿಸಿ, ಬೀಗಕ್ಕೆ ಎಣ್ಣೆ ಬಿಡದೆ ಗ್ರಾಫೈಟ್ ಪುಡಿ ಹಾಕಿಸಿ. ಆಗಲೂ ಸರಿಹೋಗದಿದ್ದರೆ ಇಗ್ನಿಷನ್ ಸ್ವಿಚ್ ಬದಲಿಸಿ.