ಟ್ಯಾಲಿ ಕಲಿಸುವಾಗ ನಿನ್ನೆಯ ಬಿಲ್ಲು ಕೊಡಿ
ಮಂಗಳೂರು ಬಂದರಿನ ಸಗಟು ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹಳೇ ರೈಟರಿಗೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಕಲಿಸುವವರಿಗೆ ಒಂದು ಉಪಾಯ: ಅಭ್ಯಾಸಕ್ಕೆಂದೇ ಅದರಲ್ಲಿ ಬೇರೆ "ಕಂಪನಿ" (ಅಂದರೆ ಪ್ರತ್ಯೇಕ ಲೆಕ್ಕದ ಖಾತೆ) ತೆರೆದು, ಅವರೇ ನಿನ್ನೆ ಪುಸ್ತಕದಲ್ಲಿ ಬರೆದು ಮುಗಿಸಿದ ಬಿಲ್ಲುಗಳನ್ನು ಅವರ ಕೈಯಲ್ಲೇ ಹೊಡೆಸಿ. ಮೊತ್ತ ಎಷ್ಟು ಬರಬೇಕೆಂದು ಅವರಿಗೆ ಗೊತ್ತು, ತಪ್ಪಿದರೂ ಅಸಲು ಲೆಕ್ಕ ಕೆಡುವುದಿಲ್ಲ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಮೌಸ್ ಬದಿಗಿಡಿ. ಮಾರಾಟಕ್ಕೆ ಎಫ್8, ಪಾವತಿಗೆ ಎಫ್5, ಸೇವ್ ಮಾಡಲು ಕಂಟ್ರೋಲ್-ಎ, ಮೊದಲ ವಾರಕ್ಕೆ ಇಷ್ಟು ಧಾರಾಳ. ನೀವು ಮಾತ್ರ ಕೀಬೋರ್ಡ್ ಮುಟ್ಟಬೇಡಿ ಮಾರಾಯ್ರೆ, "ಕೊಡಿ ಇಲ್ಲಿ" ಅಂದರೆ ಮತ್ತೆ ಅವರು ಅಲ್ಲಿ ಕೂರುವುದೇ ಇಲ್ಲ. ಚೌತಿ, ದೀಪಾವಳಿಯ ಗಡಿಬಿಡಿಯಲ್ಲಿ ಇದು ನಡೆಯದು. ಪುಸ್ತಕದಲ್ಲಿ ಜಿಎಸ್‌ಟಿ ಸೇರಿಸಿ ಒಟ್ಟು ಮೊತ್ತ ಮಾತ್ರ ಬರೆಯುವಲ್ಲಿಯೂ ಲೆಕ್ಕ ತಾಳೆಯಾಗದೆ ಸಂಶಯ ಹೆಚ್ಚೀತು. ತೆರಿಗೆ ಬಿಡಿಸಿ ಬರೆದ ಬಿಲ್ಲುಗಳನ್ನೇ ಆರಿಸಿಕೊಳ್ಳಿ.