ಗಂಡ ಇತೋ, ಮಗಳು ಇತೋ, ನಾನು ನಂಜುಂಡಯ್ಯ

ಜಪಾನಿನವರನ್ನು ಮದುವೆಯಾಗಿ ಯೊಕೊಹಾಮಾದಲ್ಲಿ ಸಂಸಾರ ಹೂಡಿರುವ ನನ್ನನ್ನು ಊರ ಕಡೆಯ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಪಾಸ್‌ಪೋರ್ಟಲ್ಲಿ ಗಂಡನ ಸರ್‌ನೇಮ್ ಹಾಕಿಸಲೇಬೇಕಾ?" ಬೇಕಿಲ್ಲ. ನಾನು ಹಾಕಿಸಿಲ್ಲ. ನನ್ನ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇವತ್ತಿಗೂ ಅಪ್ಪನ ಹೆಸರೇ ಇದೆ. ಬೇರೆ ಬೇರೆ ಹೆಸರಿದ್ದರೆ ತೊಂದರೆಯೇನಿಲ್ಲ, ಆ ಹೆಸರುಗಳ ನಡುವಿನ ಸಂಬಂಧ ತೋರಿಸುವ ಕಾಗದ ಕೈಯಲ್ಲಿಲ್ಲದಿದ್ದರೆ ತೊಂದರೆ.

ಹಾಸನದ ಕಡೆಯ ನಮಗೆ ಸರ್‌ನೇಮ್ ಎಂಬುದಾದರೂ ಎಲ್ಲಿತ್ತು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಶುಭಾ ಎನ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಪ್ಪ ನಂಜುಂಡಯ್ಯನವರು ನನ್ನ ಸರ್‌ನೇಮ್ ಆದರು. ಮದುವೆಯಾದ ಹೊಸದರಲ್ಲಿ ಅಮ್ಮ ಫೋನಿನಲ್ಲಿ, "ಗಂಡನ ಹೆಸರು ಸೇರಿಸ್ಕೊಳ್ಳಲಿಲ್ವೇನೇ?" ಎಂದು ಕೇಳಿದ್ದರು. ಮುಂದೆ ಅಪ್ಪ ತೀರಿಕೊಂಡು, ಜಮೀನಿನ ಪೌತಿ ಖಾತೆಗೆಂದು ನಾಡಕಚೇರಿಯಿಂದ ವಂಶವೃಕ್ಷ ಮಾಡಿಸುವಾಗ ಅದೇ ಅಮ್ಮ, "ಸದ್ಯ, ಬದಲಾಯಿಸಲಿಲ್ಲವಲ್ಲ" ಎಂದರು. ಆಧಾರ್, ಪ್ಯಾನ್, ಡಿಗ್ರಿ ಸರ್ಟಿಫಿಕೇಟು, ವಂಶವೃಕ್ಷ ಎಲ್ಲದರಲ್ಲೂ ಒಂದೇ ಶುಭಾ. ನಡುವೆ ಒಬ್ಬಳು ಇತೋ ಬಂದಿದ್ದರೆ ಆಕೆಯೂ ನಾನೂ ಒಬ್ಬಳೇ ಎಂದು ಅಫಿಡವಿಟ್ ಹಿಡಿದು ಅಲೆಯುವುದೇ ಆಗುತ್ತಿತ್ತು. ಮದುವೆಯಾದವಳು ಹೆಸರು ಬದಲಿಸಲೇಬೇಕು ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ.

ಜಪಾನಿನಲ್ಲಿ ಇದೆಯಲ್ಲ ಎನ್ನಬಹುದು. ಅಲ್ಲಿನ ಸಿವಿಲ್ ಕೋಡಿನ 750ನೇ ವಿಧಿಯಂತೆ ಗಂಡ ಹೆಂಡತಿ ಒಂದೇ ಕುಟುಂಬನಾಮ ಇಟ್ಟುಕೊಳ್ಳಬೇಕು, ನಿಜ. ಆದರೆ ಒಬ್ಬರು ವಿದೇಶಿಯಾದರೆ ಅದು ಅನ್ವಯಿಸುವುದಿಲ್ಲ. ಬದಲಾಗಿ, ಮದುವೆಯಾದ ಆರು ತಿಂಗಳೊಳಗೆ ಜಪಾನಿ ಸಂಗಾತಿಯೇ ವಿದೇಶಿ ಸಂಗಾತಿಯ ಹೆಸರು ತೆಗೆದುಕೊಳ್ಳುವುದಾದರೆ ವಾರ್ಡ್ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ಆರು ತಿಂಗಳು ದಾಟಿದರೆ ಕೌಟುಂಬಿಕ ನ್ಯಾಯಾಲಯದ ಅನುಮತಿ ಬೇಕು. ನನ್ನ ಗಂಡ ಒಂದು ಸಂಜೆ "ನಂಜುಂಡಯ್ಯ"ವನ್ನು ಕತಕಾನಾ ಲಿಪಿಯಲ್ಲಿ ಬರೆದು ನೋಡಿ, ಪೆನ್ನು ಕೆಳಗಿಟ್ಟರು. ಅಷ್ಟು ಉದ್ದ ಹಾಂಕೋ ಮೊಹರಿನಲ್ಲಿ ಹಿಡಿಯುವುದಿಲ್ಲವಂತೆ!

ಅಲ್ಲಿ ಎಲ್ಲಕ್ಕೂ ಮೂಲ ಕೊಸೆಕಿ ಎಂಬ ಕುಟುಂಬ ದಾಖಲೆ. ವಿದೇಶಿಯರಿಗೆ ಸ್ವಂತ ಕೊಸೆಕಿ ಇರುವುದಿಲ್ಲ. ಗಂಡನ ಕೊಸೆಕಿಯ ಮದುವೆಯ ವಿವರದಲ್ಲಿ ನನ್ನ ಹೆಸರು ಕತಕಾನಾದಲ್ಲಿ ಬರುತ್ತದೆ: ಮೊದಲು ಸರ್‌ನೇಮ್, ಆಮೇಲೆ ಒಂದು ಅಲ್ಪವಿರಾಮ, ಆಮೇಲೆ ಹೆಸರು. ಮಗಳ ಜನನದ ದಾಖಲೆಯಲ್ಲಿ ತಾಯಿಯ ಹೆಸರೂ ಹೀಗೇ.

ನಿಜವಾದ ತಲೆನೋವು ಶುರುವಾದದ್ದು ಇಲ್ಲಿ. ಮಗಳಿಗೆ ಒಸಿಐ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ನಮ್ಮ ಸರ್ಕಾರ ಕೊಡುವ ಕಾರ್ಡು, ಮಾಡಿಸಬೇಕಿತ್ತು. ಹುಟ್ಟಿನಿಂದಲೇ ಅವಳು ಜಪಾನಿ ಪ್ರಜೆ, ಇಬ್ಬಗೆಯ ಪೌರತ್ವಕ್ಕೆ ಭಾರತ ಒಪ್ಪುವುದಿಲ್ಲ. ಜನನ ಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿದೆವು. ಅನುವಾದಕರು ಕತಕಾನಾ ನೋಡಿಕೊಂಡು ನಿಯಮದ ಪ್ರಕಾರವೇ ರೋಮನ್ ಅಕ್ಷರಕ್ಕೆ ಇಳಿಸಿದ್ದರು. ಆ ಲಿಪಿಯಲ್ಲಿ ಮಹಾಪ್ರಾಣ ಇಲ್ಲ. ಹಾಗಾಗಿ 'ಶುಭಾ'ದ 'ಬಿ' ಅಕ್ಷರದ ಪಕ್ಕದ 'ಎಚ್' ಮಾಯ, 'ಅಯ್ಯ'ದ ಕೊನೆಯ 'ಐಎಎಚ್' ಹೋಗಿ 'ಐವೈಎ' ಆಗಿತ್ತು. ಪಾಸ್‌ಪೋರ್ಟಿನ ತಾಯಿ ಒಬ್ಬಳು, ಜನನ ಪತ್ರದ ತಾಯಿ ಇನ್ನೊಬ್ಬಳು. ಅರ್ಜಿ ವಾಪಸ್ ಬಂತು. ಸರ್‌ನೇಮ್ ಬೇರೆಯಾಗಿದ್ದಕ್ಕೆ ಯಾರೂ ತಕರಾರು ತೆಗೆದಿರಲಿಲ್ಲ, ಸ್ಪೆಲ್ಲಿಂಗಿಗೆ ತೆಗೆದರು.

ಬಿಡಿಸಿಕೊಳ್ಳುವ ದಾರಿ ಸಿಕ್ಕಿದ್ದು ಜೂಮಿನ್‌ಹ್ಯೋದಲ್ಲಿ. ಅದು ವಾರ್ಡ್ ಕಚೇರಿ ಕೊಡುವ ನಿವಾಸಿ ಪತ್ರ. 2012ರ ಜುಲೈನಿಂದ ವಿದೇಶಿಯರನ್ನೂ ಅದರಲ್ಲಿ ಸೇರಿಸುತ್ತಾರೆ. ನಮ್ಮ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ರೋಮನ್ ಅಕ್ಷರದಲ್ಲಿ ಬರುತ್ತದೆ, ಅದೇ ಹಾಳೆಯಲ್ಲಿ ಗಂಡ, ಮಗಳು, ಯಾರಿಗೆ ಯಾರು ಏನಾಗಬೇಕು ಎಂಬುದೂ ಇರುತ್ತದೆ. ತೆಗೆಸುವಾಗ ಮನೆಯವರೆಲ್ಲರ ಹೆಸರು, ಸಂಬಂಧ ಎರಡೂ ಬೇಕು ಎಂದು ಅರ್ಜಿಯಲ್ಲಿ ಗುರುತು ಹಾಕಿ. ಅದನ್ನು ಕೊಸೆಕಿ ಪ್ರತಿಯ ಜೊತೆಗಿಟ್ಟು, ಮೂವರ ಪಾಸ್‌ಪೋರ್ಟ್ ನಕಲು ಕೊಟ್ಟು, "ಹೆಸರುಗಳನ್ನು ಇದರಲ್ಲಿದ್ದಂತೆಯೇ ಬರೆಯಿರಿ" ಎಂದು ಹೇಳಿ ಹೊಸದಾಗಿ ಅನುವಾದ ಮಾಡಿಸಿದೆವು. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪುವಂತೆ ದೃಢೀಕರಿಸುವ ಅಪೊಸ್ಟೀಲ್ ಮುದ್ರೆಯನ್ನು ಜಪಾನಿನ ವಿದೇಶಾಂಗ ಸಚಿವಾಲಯದಿಂದ ಹಾಕಿಸಿದೆವು. ಎರಡೂ ದೇಶಗಳು ಅಪೊಸ್ಟೀಲ್ ಒಪ್ಪಂದದಲ್ಲಿರುವುದು ನಮ್ಮ ಪುಣ್ಯ. ಒಸಿಐ ಬಂತು.

ಭಾರತದ ಕಡೆಯ ಕೊಂಡಿ ಎಂದರೆ ಪಾಸ್‌ಪೋರ್ಟಿನ ಕೊನೆಯ ಪುಟ. ನವೀಕರಿಸುವಾಗ ನನ್ನ ಹೆಸರನ್ನು ಮುಟ್ಟದೆ ಸಂಗಾತಿಯ ಹೆಸರನ್ನು ಮಾತ್ರ ಸೇರಿಸಿದೆ. ಅವರ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡೇ ಬರೆಯಿರಿ. ಇತೋ ಎಂಬುದನ್ನು ಜಪಾನೀಯರು ಸಾಮಾನ್ಯವಾಗಿ 'ಐ ಟಿ ಓ' ಎಂದು ಬರೆಯುತ್ತಾರೆ, ಆದರೆ ದೀರ್ಘಕ್ಕೆ ಕೊನೆಯಲ್ಲಿ 'ಎಚ್' ಸೇರಿಸಲೂ ಅವಕಾಶವಿದೆ. ಅಪ್ಪನಿಗೆ ಎಚ್ ಇದ್ದು ಮಗುವಿಗೆ ಇಲ್ಲದಿದ್ದರೆ ಮನೆಯೊಳಗೆ ಮೂರನೇ ಸರ್‌ನೇಮ್ ಹುಟ್ಟಿದಂತೆ. ಮಗುವಿನ ಮೊದಲ ಪಾಸ್‌ಪೋರ್ಟ್ ಅರ್ಜಿ ತುಂಬುವ ಮುಂಚೆಯೇ ಇದನ್ನು ತೀರ್ಮಾನಿಸಿಕೊಳ್ಳಿ.

ಜಪಾನಿ ಪಾಸ್‌ಪೋರ್ಟಿನಲ್ಲಿ ವಿದೇಶಿ ತಾಯಿಯ ಸರ್‌ನೇಮನ್ನು ಆವರಣದೊಳಗೆ ಸೇರಿಸಿಕೊಳ್ಳಬಹುದು. ಕೆಲವು ಗೆಳತಿಯರು ಮಾಡಿಸಿದ್ದಾರೆ, ನಾನು ಮಾಡಿಸಲಿಲ್ಲ. ಆವರಣದ ಹೆಸರು ಚಿಪ್‌ನಲ್ಲಿ ಇರುವುದಿಲ್ಲ, ಫೋಟೊ ಪುಟದ ಕೆಳಗೆ ಯಂತ್ರ ಓದುವ 44 ಅಕ್ಷರಗಳ ಎರಡು ಸಾಲುಗಳಲ್ಲೂ ಇರುವುದಿಲ್ಲ. ಕಣ್ಣಿಗೆ ಒಂದು, ಯಂತ್ರಕ್ಕೆ ಇನ್ನೊಂದು ಆಗುತ್ತದೆ. ವಿಮಾನದ ಟಿಕೆಟ್ಟನ್ನು ಮಾತ್ರ ಯಾವಾಗಲೂ ಆ ಎರಡು ಸಾಲಿನಲ್ಲಿರುವಂತೆ ತೆಗೆಸಿ.

ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ನನ್ನನ್ನು ಕರೆಯುವುದು ಇತೋ‌-ಸಾನ್ ಎಂದೇ. ಅದಕ್ಕೆ ಪಾಸ್‌ಪೋರ್ಟ್ ಬದಲಿಸಬೇಕಿಲ್ಲ. ತ್ಸೂಶೋ ಎಂಬ ಬಳಕೆಯ ಹೆಸರನ್ನು ವಾರ್ಡ್ ಕಚೇರಿಯಲ್ಲಿ ನೋಂದಾಯಿಸಿದೆ. ನಮ್ಮ ಆಧಾರ್ ತರಹದ ಮೈ ನಂಬರ್ ಕಾರ್ಡಿನಲ್ಲಿ ಅದು ಬರುತ್ತದೆ, ವಿದೇಶಿಯರಿಗೆ ವಲಸೆ ಕಚೇರಿ ಕೊಡುವ ರೆಸಿಡೆನ್ಸ್ ಕಾರ್ಡಿನಲ್ಲಿ ಬರುವುದಿಲ್ಲ. ಪಾಸ್‌ಪೋರ್ಟಿನಲ್ಲೇ ಬದಲಿಸಿದ್ದರೆ 14 ದಿನದೊಳಗೆ ವಲಸೆ ಕಚೇರಿಗೆ ತಿಳಿಸಿ, ಆಮೇಲೆ ಬ್ಯಾಂಕು, ವಿಮೆ, ಪಿಂಚಣಿ ಎಂದು ಓಡಾಡಬೇಕಿತ್ತು.

ಮಗಳೊಬ್ಬಳನ್ನೇ ಕರೆದುಕೊಂಡು ಊರಿಗೆ ಹೋಗುವಾಗ ಜನನ ಪತ್ರದ ಅನುವಾದ, ಜೂಮಿನ್‌ಹ್ಯೋ, ಅವಳಪ್ಪ ಸಹಿ ಮಾಡಿದ ಒಪ್ಪಿಗೆ ಪತ್ರ, ಅವರ ಪಾಸ್‌ಪೋರ್ಟ್ ನಕಲು ಇಷ್ಟನ್ನು ಕೈಚೀಲದಲ್ಲೇ ಇಡುತ್ತೇನೆ, ಚೆಕ್-ಇನ್ ಲಗೇಜಿನಲ್ಲಲ್ಲ. ಯಾಕೆಂದರೆ ನಮ್ಮಿಬ್ಬರ ಪಾಸ್‌ಪೋರ್ಟ್ ಪಕ್ಕಪಕ್ಕ ಇಟ್ಟರೂ ನಾನು ಅವಳ ತಾಯಿ ಎಂದು ಎಲ್ಲೂ ಬರೆದಿಲ್ಲ. ಬೆಂಗಳೂರಿನಲ್ಲಿ ಒಮ್ಮೆ ಇಮಿಗ್ರೇಷನ್ ಅಧಿಕಾರಿ, "ಪಾಪು, ಇವರು ಯಾರು?" ಎಂದು ಅವಳನ್ನೇ ಕೇಳಿದರು. "ಅಮ್ಮ" ಎಂದು ಕನ್ನಡದಲ್ಲೇ ಹೇಳಿದಳು. ಆದರೂ ಅವರು ಕಾಗದ ನೋಡಿಯೇ ಬಿಟ್ಟರು, ನೋಡಬೇಕಾದ್ದೇ.

ಮಕ್ಕಳ ಜಪಾನಿ ಪಾಸ್‌ಪೋರ್ಟ್ ಐದೇ ವರ್ಷದ್ದು. ಇಪ್ಪತ್ತು ತುಂಬುವವರೆಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಒಸಿಐ ಕಾರ್ಡ್ ಹೊಸದು ಬೇಕಿಲ್ಲ, ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೊ ಪೋರ್ಟಲ್‌ಗೆ ಅಪ್‌ಲೋಡ್ ಮಾಡಿದರೆ ಸಾಕು. ಮಾಡುವಾಗ ಹಳೆಯ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಸ್ಪೆಲ್ಲಿಂಗನ್ನು ಅಕ್ಷರ ಅಕ್ಷರ ತಾಳೆ ನೋಡಿ.